ಸಾಲಕ್ಕೆ ಕಾಲಮಿತಿಯೇ?

ಕೈಸಾಲ ಕೊಟ್ಟವರು ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ನ್ಯಾಯಾಲಯದ ಬಾಗಿಲನ್ನು ಮುಚ್ಚುತ್ತದೆ, ಸಾಲವನ್ನು ಅಳಿಸುವುದಿಲ್ಲ. ಹುತಾತ್ಮನಿಗೂ ಸಾಲದ ಹೊರತು ಉಳಿದ ಪಾಪಗಳಷ್ಟೇ ಮನ್ನಾ ಎಂದು ಪ್ರವಾದಿ(ಸ)ರು ಎಚ್ಚರಿಸಿರುವಾಗ ನಾವು ಕಾಯ್ದೆಯ ಮರೆಯಲ್ಲಿ ನಿಲ್ಲಲಾಗದು.

ಸಾಲವನ್ನು ಬರೆದಿಡಿರೆಂದು ಆದೇಶಿಸುವ ಅಲ್ ಬಕರದ 282ನೇ ವಚನವೇ ಕುರ್‌ಆನಿನ ಅತಿ ದೀರ್ಘ ವಚನ. ಇಂದು ಬ್ಯಾಂಕ್ ಸಾಲದ ಬರಹ ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳಲ್ಲಿದೆ. ವರ್ಷಕ್ಕೊಮ್ಮೆ ಪ್ರತಿಯೊಂದರಿಂದಲೂ ವರದಿ ಉಚಿತ. ಅದನ್ನು ತರಿಸಿ ಓದೋಣ. ನಮ್ಮದಲ್ಲದ ಸಾಲ ಕಂಡರೆ ದೂರು ನೀಡಿ ತಿದ್ದಿಸೋಣ, ನಮ್ಮದಾದುದನ್ನು ತೀರಿಸೋಣ.

ಆದರೆ ಅಂಗಡಿಯ ಬಾಕಿ, ಬಂಧುವಿನ ಕೈಸಾಲ ಯಾವ ವರದಿಯಲ್ಲೂ ಇರದು. ಅದನ್ನು ನಾವೇ ಬರೆದು ಮನೆಯವರಿಗೆ ತಿಳಿಸಿಡೋಣ. ಜನಾಝಾದ ಬಳಿ ಸಾಲ ಕೊಟ್ಟವರನ್ನು ವಿಚಾರಿಸುವ ಸಂಕಟ ಮಕ್ಕಳಿಗೆ ಬಾರದಿರಲಿ.