ವಿಮೆಯ ಪರಿಹಾರವೂ ನಮ್ಮವರ ಹಕ್ಕೂ

2005ನೆಯ ಇಸವಿಯ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ 944 ಮಿಲಿಮೀಟರ್ ಮಳೆ ಸುರಿಯಿತು. ಆ ರಾತ್ರಿಯನ್ನು ಕಂಡವರು ಅದನ್ನು ಇನ್ನೂ ಮರೆತಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ, 2019ರ ಸೆಪ್ಟೆಂಬರಿನಲ್ಲಿ ಪುಣೆ, 2020ರ ಅಕ್ಟೋಬರಿನಲ್ಲಿ ಹೈದರಾಬಾದ್ - ಹೀಗೆ ನಮ್ಮವರು ಹೊಟ್ಟೆಪಾಡನ್ನರಸಿ ಬಂದು ನೆಲೆನಿಂತ ನಗರಗಳು ಒಂದಾದ ಮೇಲೊಂದರಂತೆ ಜಲಾವೃತವಾದುವು. ಬೆಂಕಿಯ ಅನಾಹುತಗಳಿಗಂತೂ ಇಸವಿಯ ಲೆಕ್ಕವೇ ಇಲ್ಲ. ಪ್ರತಿ ಬಾರಿಯೂ ನೀರು ಇಳಿದ ಮೇಲೆ, ಬೆಂಕಿ ಆರಿದ ಮೇಲೆ, ಒಂದು ಪ್ರಶ್ನೆ ಉಳಿಯುತ್ತದೆ: ವರ್ಷವರ್ಷವೂ ಕಂತು ಕಟ್ಟಿಸಿಕೊಂಡ ವಿಮಾ ಕಂಪನಿಯಿಂದ ನಮ್ಮ ಕೈಗೆ ಬರುವುದೆಷ್ಟು?

ವಿಮೆಯೇ ಇಲ್ಲದವರ ಮಾತು ಬೇರೆ. ಇಂದು ನಾವು ಆಲೋಚಿಸಬಯಸುವುದು ವಿಮೆಯಿದ್ದೂ ನಷ್ಟಪಡುವವರ ವಿಷಯವನ್ನು. ಪಾಲಿಸಿಯ ಇಂಗ್ಲಿಷ್ ಪುಟಗಳನ್ನು ಒಮ್ಮೆಯೂ ಓದದೆ ಪೆಟ್ಟಿಗೆಯಲ್ಲಿಟ್ಟ ಹೋಟೆಲಿನ ಯಜಮಾನ, ಅನಾಹುತವಾದ ಮೇಲೆ ಏಜೆಂಟನ ಮಾತನ್ನೇ ಕಾನೂನೆಂದು ನಂಬುತ್ತಾನೆ. ಕಂಪನಿಯವರು ಕೇಳಿದ ಕಡೆಗಳಲ್ಲೆಲ್ಲ ರುಜು ಹಾಕುತ್ತಾನೆ. ಕೊಟ್ಟಷ್ಟನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡು, ಉಳಿದುದಕ್ಕೆ ಊರಿನ ಗದ್ದೆಯನ್ನೋ ಮನೆಯಾಕೆಯ ಒಡವೆಯನ್ನೋ ಅಡವಿಡುತ್ತಾನೆ. ಪರಸ್ಥಳದಲ್ಲಿ ಬಾಳುವವನಿಗೆ ಕಚೇರಿಯ ಮೆಟ್ಟಿಲು ಎರಡು ಪಾಲು ಎತ್ತರವಾಗಿ ಕಾಣುವುದು ಸಹಜ. ಆದರೆ ಕಾನೂನು ಅವನಿಗೆ ಕೊಟ್ಟಿರುವ ಹಕ್ಕುಗಳೇನೂ ಕಡಿಮೆಯವಲ್ಲ. ಅವುಗಳನ್ನು ತಿಳಿಯದಿರುವುದೇ ಅವನ ಎರಡನೆಯ ನಷ್ಟ.

ಮೊದಲು ಪಾಲಿಸಿಯ ವಿಷಯ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಮನೆಗಳಿಗಾಗಿ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯನ್ನು ಜಾರಿಗೆ ತಂದಿತು. ಬೆಂಕಿ, ನೆರೆ, ಚಂಡಮಾರುತ, ಭೂಕಂಪ, ದೊಂಬಿ ಮೊದಲಾದುವು ಅದರಲ್ಲಿ ಅಡಕವಾಗಿವೆ. ಇಂಥ ವಿಪತ್ತಿನ ಬೆನ್ನಿಗೆ ಏಳು ದಿನಗಳೊಳಗೆ ಆದ ಕಳವೂ ಅದರೊಳಗೆ ಬರುತ್ತದೆ. ಕಟ್ಟಡಕ್ಕೆ ವಿಮೆ ಇಳಿಸಿದರೆ ಒಳಗಿನ ಸಾಮಾನುಗಳಿಗೂ ಆ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿಗಳವರೆಗೆ, ರಕ್ಷಣೆ ತಾನಾಗಿ ದೊರೆಯುತ್ತದೆ. ಒಡವೆಗಳಿಗೆ ಮಾತ್ರ ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು. ಮನೆಸಾಲ ಪಡೆದವರ ಪಾಲಿಸಿ ಅನೇಕ ವೇಳೆ ಬ್ಯಾಂಕಿನ ಕಡತದಲ್ಲಿಯೇ ಉಳಿದಿರುತ್ತದೆ. ಅದರ ಪ್ರತಿಯನ್ನು ಇಂದೇ ಕೇಳಿ ಪಡೆಯುವುದು ಲೇಸು. ಗೃಹನಿರ್ಮಾಣ ಸೊಸೈಟಿಯವರು ಇಳಿಸಿದ ವಿಮೆ ಸಾಮಾನ್ಯವಾಗಿ ಕಟ್ಟಡಕ್ಕೆ ಮಾತ್ರ ಸಲ್ಲುತ್ತದೆ, ನಮ್ಮ ಮನೆಯೊಳಗಿನ ಕಪಾಟಿಗಲ್ಲ ಎಂಬುದನ್ನೂ ನೆನಪಿಡಬೇಕು.

ಅಂಗಡಿ, ಹೋಟೆಲುಗಳ ಒಟ್ಟು ಆಸ್ತಿ 5 ಕೋಟಿ ರೂಪಾಯಿಗಳನ್ನು ಮೀರದಿದ್ದರೆ ಅವಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬುದುಂಟು. ಇಲ್ಲಿಯೇ ನಮ್ಮವರು ದೊಡ್ಡದಾಗಿ ಎಡವುವುದು. ಹೋಟೆಲಿನ ಸಾಮಾನು ಸರಂಜಾಮುಗಳ ನಿಜವಾದ ಬೆಲೆ 20 ಲಕ್ಷ ಎಂದಿಟ್ಟುಕೊಳ್ಳೋಣ. ಕಂತಿನಲ್ಲಿ ಉಳಿತಾಯವಾಗಲೆಂದು ವಿಮೆ ಇಳಿಸಿದ್ದು 10 ಲಕ್ಷಕ್ಕೆ. ನೀರು ನುಗ್ಗಿ 4 ಲಕ್ಷದ ಹಾನಿಯಾದರೆ, ಅನುಪಾತದ ನಿಯಮದಂತೆ, ಕೈಸೇರುವುದು ಸುಮಾರು 2 ಲಕ್ಷ ಮಾತ್ರ. ವಿಮೆಯ ಮೊತ್ತದಲ್ಲಿ ಶೇಕಡಾ 15ರೊಳಗಿನ ಕೊರತೆಯನ್ನು ಈ ಪಾಲಿಸಿ ಮನ್ನಿಸುತ್ತದೆ, ಅರ್ಧದಷ್ಟು ಕೊರತೆಯನ್ನಲ್ಲ. ಮನೆಗಳ ಪಾಲಿಸಿಯಲ್ಲಿ ಈ ಕಡಿತವನ್ನು ಪೂರ್ತಿಯಾಗಿ ತೆಗೆದುಹಾಕಲಾಗಿದೆ ಎಂಬುದು ಸಮಾಧಾನದ ಸಂಗತಿ.

ಇನ್ನು ಅನಾಹುತವಾದ ದಿನದ ಕರ್ತವ್ಯ. ಕಂಪನಿಗೆ ಒಡನೆಯೇ ತಿಳಿಸಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿಯನ್ನೂ, ಕಳವು ದೊಂಬಿಗಳಾದರೆ ಪೋಲೀಸರ ಪಂಚನಾಮೆಯನ್ನೂ ಪಡೆಯಬೇಕು. ಕೆಟ್ಟುಹೋದ ಅಕ್ಕಿಮೂಟೆ, ಸುಟ್ಟ ಗ್ರೈಂಡರು, ನೆನೆದ ಬಟ್ಟೆಯ ಥಾನು - ಯಾವುದನ್ನೂ ಛಾಯಾಚಿತ್ರ ತೆಗೆಯದೆ, ಪಟ್ಟಿ ಬರೆಯದೆ ಎಸೆಯಬಾರದು. ಹಾಗೆಂದು ಹಾನಿ ಹೆಚ್ಚಲು ಬಿಡುವುದೂ ಸಲ್ಲದು; ಉಳಿಸಬಹುದಾದುದನ್ನು ಉಳಿಸುವುದು ವಿಮೆ ಇಳಿಸಿದವನ ಹೊಣೆ. ಮತ್ತೊಂದು ಮಾತನ್ನೂ ನಾವು ನಿಷ್ಠುರವಾಗಿ ಹೇಳಬೇಕಾಗಿದೆ. ಇಲ್ಲದ ಸಾಮಾನನ್ನು ಪಟ್ಟಿಗೆ ಸೇರಿಸುವವನು ಇದ್ದುದರ ಪರಿಹಾರವನ್ನೂ ಕಳೆದುಕೊಳ್ಳುತ್ತಾನೆ.

ಕಂಪನಿಗಳ ಕರ್ತವ್ಯಕ್ಕೂ ಗಡುವುಂಟು. 2024ರ ಜೂನ್ ತಿಂಗಳಲ್ಲಿ ಪ್ರಾಧಿಕಾರವು ಹೊರಡಿಸಿದ ಸುತ್ತೋಲೆಯ ಪ್ರಕಾರ, ಹಾನಿಯನ್ನು ಅಳೆಯುವ ಸರ್ವೇಯರರನ್ನು ದೂರು ಬಂದ 24 ಗಂಟೆಗಳೊಳಗೆ ನೇಮಿಸಬೇಕು; ಅವರ ವರದಿಯನ್ನು 15 ದಿನಗಳೊಳಗೆ ತರಿಸಿಕೊಳ್ಳುವುದು ಕಂಪನಿಯದೇ ಹೊಣೆ; ವರದಿ ಕೈಸೇರಿದ 7 ದಿನಗಳೊಳಗೆ ತೀರ್ಮಾನ ತಿಳಿಸಬೇಕು. ದಾಖಲೆಪತ್ರ ಸಾಲದೆಂಬ ಕಾರಣವೊಂದರಿಂದಲೇ ಬೇಡಿಕೆಯನ್ನು ತಳ್ಳಿಹಾಕುವಂತಿಲ್ಲ. ಈ ನಿಯಮಗಳು ಸ್ವಾಗತಾರ್ಹವೇ ಸರಿ. ಆದರೆ ಗಡುವು ಇರುವುದನ್ನು ಅರಿತವನು ಮಾತ್ರ ಅದನ್ನು ಎತ್ತಿ ತೋರಿಸಬಲ್ಲ. ಅರಿಯದವನಿಗೆ 'ಮುಂದಿನ ವಾರ ಬನ್ನಿ' ಎಂಬ ಉತ್ತರ ತಿಂಗಳುಗಟ್ಟಲೆ ದೊರೆಯುತ್ತಲೇ ಇರುತ್ತದೆ. ಆದುದರಿಂದ ಬಾಯಿಮಾತಿನ ಭರವಸೆಗೆ ಬಾಯಿಮಾತಿನಲ್ಲಿ ಉತ್ತರಿಸದೆ, ಪ್ರತಿಯೊಂದನ್ನೂ ಬರವಣಿಗೆಯಲ್ಲಿ ಕೇಳುವುದು ವಿಹಿತ.

ಸರ್ವೇಯರರ ಮಾತೇ ಅಂತಿಮವೆಂಬ ಭಾವನೆಯೂ ಬಹಳ ಮಂದಿಗಿದೆ. ಅದು ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟು 2009ರಲ್ಲಿಯೇ ಹೇಳಿದೆ. ಅವರ ವರದಿಯ ಪ್ರತಿಯನ್ನು ಕೇಳಿ ಪಡೆದು, ಒಪ್ಪಿಗೆಯಾಗದ ಅಂಶಗಳಿಗೆ ಬಿಲ್ಲು, ಲೆಕ್ಕಪುಸ್ತಕಗಳ ಆಧಾರದಿಂದ ಆಕ್ಷೇಪ ಬರೆಯಬಹುದು. ಬೇಡಿಕೆಯನ್ನು ನಿರಾಕರಿಸುವಾಗ ಪತ್ರದಲ್ಲಿ ಹೇಳದ ಹೊಸ ಕಾರಣಗಳನ್ನು ಕಂಪನಿಯು ಅನಂತರ ಹೂಡುವಂತಿಲ್ಲವೆಂದು ಅದೇ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿದೆ. 2022ರ ನವೆಂಬರಿನ ಇನ್ನೊಂದು ತೀರ್ಪು ಅಂಗಡಿಕಾರರಿಗೆ ವಿಶೇಷವಾಗಿ ಉಪಯುಕ್ತ. ನೆಲಮಾಳಿಗೆಯ ಅಂಗಡಿಯೊಂದಕ್ಕೆ ವಿಮೆ ಇಳಿಸಿಕೊಂಡು ಕಂತನ್ನೂ ಪಡೆದ ಕಂಪನಿಯು, ಬೆಂಕಿ ಬಿದ್ದ ಮೇಲೆ ನೆಲಮಾಳಿಗೆಗೆ ಪಾಲಿಸಿ ಅನ್ವಯಿಸುವುದಿಲ್ಲವೆಂದು ವಾದಿಸಿತು. ಆ ವಾದವನ್ನು ಸುಪ್ರೀಂ ಕೋರ್ಟು ಮನ್ನಿಸಲಿಲ್ಲ.

ಹಣ ಕೊಡುವ ಮುನ್ನ 'ಪೂರ್ಣ ಹಾಗೂ ಅಂತಿಮ ಪಾವತಿ' ಎಂಬ ಕಾಗದಕ್ಕೆ ರುಜು ಕೇಳುವುದುಂಟು. ಮೊತ್ತ ಒಪ್ಪಿಗೆಯಾಗದಿದ್ದರೆ ಅದನ್ನು ಪತ್ರಮುಖೇನ ಆಗಲೇ ತಿಳಿಸಬೇಕು. ಒತ್ತಾಯದಿಂದಲೋ ತಪ್ಪು ತಿಳಿವಳಿಕೆ ಕೊಟ್ಟೋ ಪಡೆದ ಇಂಥ ರುಜು, ಉಳಿದ ಹಣವನ್ನು ಕೇಳುವ ಬಾಗಿಲನ್ನು ತಾನಾಗಿಯೇ ಮುಚ್ಚುವುದಿಲ್ಲವೆಂದು 1999ರಷ್ಟು ಹಿಂದೆಯೇ ನಿರ್ಣಯವಾಗಿದೆ. ಆದರೆ ಮೌನವಾಗಿ ಸಹಿ ಹಾಕಿ, ವರ್ಷದ ಮೇಲೆ ಎಚ್ಚೆತ್ತವನ ಮಾತನ್ನು ನಂಬಿಸುವುದು ಕಷ್ಟ.

ಹೀಗೂ ನ್ಯಾಯ ದೊರೆಯದಿದ್ದರೆ ಮಾಡತಕ್ಕುದೇನು? ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಬೇಕು. ಪ್ರಾಧಿಕಾರದ 'ಬಿಮಾ ಭರೋಸಾ' ಅಂತರ್ಜಾಲ ತಾಣದಲ್ಲಿಯೂ, 155255 ಎಂಬ ದೂರವಾಣಿಯಲ್ಲಿಯೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮರ್ಪಕವಲ್ಲದಿದ್ದರೆ, ವಿಮಾ ಲೋಕಪಾಲರ, ಎಂದರೆ ಒಂಬುಡ್ಸ್‌ಮನ್ನರ, ಬಳಿ ಹೋಗಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲೆಲ್ಲ ಅವರ ಕಚೇರಿಗಳಿವೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 50 ಲಕ್ಷ ರೂಪಾಯಿಗಳವರೆಗಿನ ಪರಿಹಾರವನ್ನು ಅವರು ಕೊಡಿಸಬಲ್ಲರು. ಮನೆಯವರಿಗಲ್ಲದೆ ಒಬ್ಬನೇ ಮಾಲೀಕನ ವ್ಯಾಪಾರಕ್ಕೂ, ಸೂಕ್ಷ್ಮ ಉದ್ಯಮಗಳಿಗೂ ಈ ಅವಕಾಶವುಂಟು. ಕಂಪನಿಯ ನಿರಾಕರಣೆಯಿಂದ ಒಂದು ವರ್ಷದೊಳಗೆ ಹೋಗಬೇಕೆಂಬುದೊಂದೇ ಎಚ್ಚರಿಕೆ. ಅವರ ತೀರ್ಪಿಗೆ ಕಂಪನಿ ಬದ್ಧ. 30 ದಿನಗಳೊಳಗೆ ಅದನ್ನು ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಗಳಂತೆ ದೂರುದಾರನಿಗೆ ತೆರಬೇಕೆಂದು 2024ರ ಸುತ್ತೋಲೆ ವಿಧಿಸಿದೆ.

ಲೋಕಪಾಲರ ತೀರ್ಪು ತೃಪ್ತಿಕರವಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದೇ ಇದೆ. ಅದಕ್ಕೆ ಎರಡು ವರ್ಷಗಳ ಗಡುವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೇ ಅರ್ಜಿ ಸಲ್ಲಿಸಬಹುದು. ಊರಿನಲ್ಲಿರುವ ಮನೆಗೆ ಹಾನಿಯಾದವನು ಪ್ರತಿ ವಿಚಾರಣೆಗೂ ಊರಿಗೆ ಓಡಬೇಕಾಗಿಲ್ಲ. ಆದರೆ ಗ್ರಾಹಕ ಆಯೋಗಕ್ಕೆ ಮೊದಲೇ ಹೋದವನಿಗೆ ಅದೇ ವಿಷಯದಲ್ಲಿ ಲೋಕಪಾಲರ ಮಾರ್ಗ ಮುಚ್ಚಿಹೋಗುತ್ತದೆ. ಆದುದರಿಂದ ಅನುಕ್ರಮವನ್ನು ತಪ್ಪಿಸಬಾರದು. ಇಷ್ಟು ಸುಲಭವಾದ ದಾರಿಗಳಿರುವಾಗ, ಬರುವ ಹಣದಲ್ಲಿ ಪಾಲು ಕೇಳಿ 'ಕೆಲಸ ಮಾಡಿಸಿಕೊಡುತ್ತೇವೆ' ಎನ್ನುವವರ ಬೆನ್ನುಹತ್ತುವುದು ಎಷ್ಟರಮಟ್ಟಿಗೆ ಬುದ್ಧಿವಂತಿಕೆ?

ಕೊನೆಯಲ್ಲಿ ನಮ್ಮ ಸಂಘಸಂಸ್ಥೆಗಳಿಗೆ ಒಂದು ಮಾತು. ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ನಾಲ್ಕಕ್ಷರ ಕಲಿಯಲೆಂದು ಮುಂಬಯಿಯಲ್ಲಿ ರಾತ್ರಿಶಾಲೆಗಳನ್ನು ಕಟ್ಟಿದವರು ನಮ್ಮ ಹಿರಿಯರು. ಅಂದು ಕಲಿಸಬೇಕಾಗಿದ್ದುದು ಅಕ್ಷರ. ಇಂದು ಓದಿಹೇಳಬೇಕಾಗಿರುವುದು ಪಾಲಿಸಿಯ ಷರತ್ತು. ಬ್ಯಾಂಕು, ವಿಮಾ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು ನಮ್ಮಲ್ಲಿ ವಿರಳರಲ್ಲ. ವಾರಕ್ಕೊಂದು ಸಂಜೆ ಸಂಘದ ಕೊಠಡಿಯಲ್ಲಿ ಇಬ್ಬರು ಕುಳಿತು, ಬಂದವರ ಪಾಲಿಸಿಯನ್ನು ಕನ್ನಡದಲ್ಲಿ ವಿವರಿಸಿ, ದೂರಿನ ಪತ್ರವೊಂದನ್ನು ಬರೆದುಕೊಟ್ಟರೆ ಆಗುವ ಉಪಕಾರ ಅಷ್ಟಿಷ್ಟಲ್ಲ. ವಾರ್ಷಿಕೋತ್ಸವದ ಖರ್ಚಿನ ಒಂದಂಶವೂ ಇದಕ್ಕೆ ಬೇಕಾಗದು. ಮುಂದಿನ ಮಳೆಗಾಲಕ್ಕೆ ಮೊದಲೇ ಯಾವುದಾದರೊಂದು ಸಂಘವು ಈ ಕೆಲಸಕ್ಕೆ ಮುಂದಾಗಲೆಂದು ನಾವು ಹಾರೈಸುತ್ತೇವೆ.