ಇಂಗ್ಲಿಷ್ ಕಲಿಯೋಣ: ‘ಆಲ್ದೋ’ ಬಂದ ಮೇಲೆ ‘ಬಟ್’ ಏಕೆ?

‘ಆಲ್ದೋ ಹೀ ಈಸ್ ಪೂರ್, ಬಟ್ ಹೀ ಈಸ್ ಆನೆಸ್ಟ್.’ ಮಕ್ಕಳ ಪ್ರಬಂಧದಲ್ಲಿ ಅಂಕ, ದೊಡ್ಡವರ ಅರ್ಜಿಯಲ್ಲಿ ಮಾನ ಕಳೆಯುವ ವಾಕ್ಯವಿದು. ‘ಬಡವನಾದರೂ ಪ್ರಾಮಾಣಿಕ’ ಎನ್ನುವಾಗ ಕನ್ನಡದ ‘ಆದರೂ’ ನಡುವೆ ಕೂರುತ್ತದೆ. ಇಂಗ್ಲಿಷಿನ ‘ಆಲ್ದೋ’ ಆ ಕೆಲಸವನ್ನು ಮೊದಲೇ ಮುಗಿಸಿರುತ್ತದೆ; ನಡುವೆ ಬರಿದಾಗಿ ಕಂಡ ಜಾಗಕ್ಕೆ ನಾವು ‘ಬಟ್’ ತುರುಕುತ್ತೇವೆ. ಸೊಲ್ಲಾಪುರ, ಜತ್ತ ಕಡೆಯ ಮಕ್ಕಳಿಗಂತೂ ಶಾಲೆಯ ಮರಾಠಿಯಲ್ಲಿ ‘ಜರೀ’ಯ ಹಿಂದೆಯೇ ‘ತರೀ’ ಬರುವ ರೂಢಿ ಬೇರೆ! ಇಂಗ್ಲಿಷಿಗೆ ಈ ಜೋಡಿ ಒಗ್ಗದು. ‘ಆಲ್ದೋ’ ಇಟ್ಟರೆ ‘ಬಟ್’ ಬಿಡಿ. ಇಲ್ಲವೇ ‘ಹೀ ಈಸ್ ಪೂರ್, ಬಟ್ ಆನೆಸ್ಟ್’ ಎನ್ನಿ. ಮಾತಿಗೆ ಇದೇ ಸಲೀಸು. ಒತ್ತು ಬೇಕೆನಿಸಿದರೆ ‘ಆಲ್ದೋ’ ಜೊತೆ ‘ಸ್ಟಿಲ್’ ಬರಬಹುದು. ಅದು ಕ್ರಿಯಾವಿಶೇಷಣ, ವಾಕ್ಯ ಜೋಡಿಸುವ ಪದವಲ್ಲ. ಹಾಗೆಯೇ ‘ಡಿಸ್ಪೈಟ್ ಆಫ್’ ಎನ್ನಬೇಡಿ. ‘ಆಫ್’ ಬೇಕಾದದ್ದು ‘ಇನ್ ಸ್ಪೈಟ್’ಗೆ.