ನಾಲ್ಕೇ ಬಣ್ಣ ಸಾಕು ಮಾರಾಯ್ರೇ!

ಚಿತ್ರ ಬರೆಯೋಕೆ ಹೊಸದಾಗಿ ಶುರುಮಾಡಿದವರು ಸಾಮಾನ್ಯವಾಗಿ ಕೇಳೋ ಮೊದಲ ಪ್ರಶ್ನೆ: "ಎಷ್ಟು ಬಣ್ಣದ ಡಬ್ಬಿ ತಗೊಳ್ಲಿ? ಹನ್ನೆರಡಾ, ಇಪ್ಪತ್ನಾಲ್ಕಾ?" ನಾನು ನಾಲ್ಕು ಟ್ಯೂಬು ಸಾಕು ಅಂದ್ರೆ ತಮಾಷೆ ಅಂದ್ಕೊಂಡು ನಗ್ತಾರೆ. ತಮಾಷೆ ಅಲ್ಲ ಸ್ವಾಮಿ, ನಿಜ.

ಸ್ವೀಡನ್ನಿನ ಆಂಡರ್ಸ್ ಜೋರ್ನ್ (1860-1920) ಹೆಸರು ಕೇಳಿರಬಹುದು. 1896ರಲ್ಲಿ ಆತ ಬರೆದ ತನ್ನದೇ ಭಾವಚಿತ್ರದಲ್ಲಿ, ಕೈಯಲ್ಲಿರೋ ಪ್ಯಾಲೆಟ್ ಮೇಲೆ ಕಾಣೋದು ನಾಲ್ಕೇ ಬಣ್ಣ. ಬಿಳಿ, ಹಳದಿ ಓಕರ್, ವರ್ಮಿಲಿಯನ್ ಕೆಂಪು, ಕಪ್ಪು. ನೀಲಿಯೇ ಇಲ್ಲ! ಆದ್ರೆ ಕಪ್ಪಿಗೆ ಬಿಳಿ ಬೆರೆಸಿ, ಆ ಬೂದುಬಣ್ಣವನ್ನ ಕೆಂಪು-ಹಳದಿಯ ಪಕ್ಕ ಇಟ್ಟು ನೋಡಿ. ನೀಲಿ ಅಂತಲೇ ಅನ್ಸತ್ತೆ. ಅದೇ ಕಪ್ಪಿಗೆ ಓಕರ್ ಸೇರಿಸಿದ್ರೆ ಮಾಸಲು ಹಸಿರು.

ಗುಟ್ಟು ಇಷ್ಟೇ... ಚಿತ್ರದ ಯಾವ ಮೂಲೆಯ ಬಣ್ಣ ತಗೊಂಡ್ರೂ ಅದು ಆ ನಾಲ್ಕರದ್ದೇ ಬೆರಕೆ. ಒಂದೇ ಮನೆಯ ಮಕ್ಕಳ ಹಾಗೆ ಎಲ್ಲದರಲ್ಲೂ ಒಂದು ಹೋಲಿಕೆ. ಡಬ್ಬಿಯಲ್ಲಿರೋ ಇಪ್ಪತ್ನಾಲ್ಕನ್ನೂ ಹಾಗೇ ಬಳಿದ್ರೆ ಚಿತ್ರ ಸಂತೆಯಾಗತ್ತೆ. ಪ್ರತಿ ಬಣ್ಣವೂ ತನ್ನನ್ನೇ ನೋಡಿ ಅಂತ ಕೂಗತ್ತೆ.

ಸ್ವೀಡನ್ ತನಕ ಹೋಗೋದೂ ಬೇಡ. ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಕರಿಯಾಗೋವರೆಗೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಎಣಿಸಿ ನೋಡಿ, ಅವೇ ನಾಲ್ಕು! ಪುಂಡಿ ನಾರಿನ ಕುಂಚ ಹಿಡಿದ ಆ ಹೆಂಗಸರ ಗೋಡೆಯಲ್ಲಿ ಏನಾದ್ರೂ ಕಮ್ಮಿ ಅನ್ಸತ್ತಾ?

"ಹಾಗಾದ್ರೆ ನವಿಲು ಬರೆಯೋದು ಹೇಗೆ?" ಅಂತೀರಾ? ನ್ಯಾಯವಾದ ಪ್ರಶ್ನೆ. ನೀಲಿ ಬೇಕಾದಾಗ ಜೋರ್ನ್ ಕೂಡ ನೀಲಿ ಬಳಸಿದವನೇ. ನೀವೂ ನೀಲಿ ತಗೊಳ್ಳಿ, ಬದಲಿಗೆ ಇನ್ನೊಂದನ್ನ ಪಕ್ಕಕ್ಕಿಡಿ. ನಾಲ್ಕು ಅನ್ನೋದೇನು ವ್ರತ ಅಲ್ಲ. ಈ ಚಿತ್ರಕ್ಕೆ ಯಾವುದು ಬೇಡ ಅಂತ ಮೊದಲೇ ತೀರ್ಮಾನ ಮಾಡ್ಕೊಳ್ಳೋದು ಮುಖ್ಯ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಒಳ್ಳೆ ಬಣ್ಣ ಅಗ್ಗ ಅಲ್ಲ. ಮಕ್ಕಳನ್ನ ಚಿತ್ರಕಲೆ ಕ್ಲಾಸಿಗೆ ಸೇರಿಸೋಕೆ ಹೋದ್ರೆ ಮೊದಲು ಕೈಗೆ ಬರೋದು ಮಾರುದ್ದದ ಸಾಮಾನಿನ ಪಟ್ಟಿ. ಅದನ್ನ ನೋಡೇ ಎಷ್ಟೋ ಅಪ್ಪ-ಅಮ್ಮಂದಿರು ವಾಪಸ್ ಬರ್ತಾರೆ. ಆ ಪಟ್ಟಿಯಲ್ಲಿ ನಾಲ್ಕು ಬಣ್ಣ, ಒಂದು ದಪ್ಪ ಕಟ್ಟು ಕಾಗದ ಅಂತಷ್ಟೇ ಬರೆದಿದ್ರೆ? ಮಗು ಬೆರೆಸೋದನ್ನೂ ಕಲೀತಿತ್ತು, ಜೇಬೂ ಉಳೀತಿತ್ತು.

ನಿಮ್ಮ ನಾಲ್ಕು ಬಣ್ಣ ಯಾವುವು? ಹೇಳಿ ನೋಡೋಣ...